ಬಾಯಿ ಕ್ಯಾನ್ಸರ್ ಆಪರೇಷನ್ ಆದಮೇಲೆ ಕರೆಂಟ್ (ರೇಡಿಯೇಷನ್) ಬೇಕಾ? ಆರು ವಾರದೊಳಗೆ ತೀರ್ಮಾನಕ್ಕೆ ಬರುವುದು ಹೇಗೆ

ಆಪರೇಷನ್ ಆಗಿ ಹದಿನೈದನೇ ದಿನ ನನ್ನ ಸೋದರಮಾವ ಕನ್ನಡಿ ಮುಂದೆ ಕೂತು ಕೆನ್ನೆ ಸವರಿ ನೋಡಿಕೊಂಡರು. ಹೊಲಿಗೆ ಒಣಗಿತ್ತು. "ಗಡ್ಡೆ ತೆಗೆದಾಯ್ತು, ದವಡೆ ತೆಗೆದಾಯ್ತು, ಕುತ್ತಿಗೆ ಗಂಟೂ ತೆಗೆದಾಯ್ತು. ಇನ್ನೇನು ಉಳಿದಿದೆ ಅಂತ ಕರೆಂಟ್ ಕೊಡ್ತಾರವ್ವ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅತ್ತೆ ಹತ್ತಿರವೂ ಇರಲಿಲ್ಲ. ಆದರೆ ಉತ್ತರ ಅದೇ ಕೋಣೆಯ ಗೂಡಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಇತ್ತು. ಎರಡು ದಿನದ ಹಿಂದೆ ತಂದಿಟ್ಟಿದ್ದ ಬಯಾಪ್ಸಿ ರಿಪೋರ್ಟ್ ಅದು. ಯಾರೂ ಬಿಚ್ಚಿ ಓದಿರಲಿಲ್ಲ.

ನಾನು ಡಾಕ್ಟರ್ ಅಲ್ಲ. ಮಾವನ ಜೊತೆ ಓಡಾಡಿದವಳು. ಆ ಓಡಾಟದಲ್ಲಿ ನಾವು ಕಳೆದುಕೊಂಡ ದಿನಗಳನ್ನು ದಾವಣಗೆರೆ, ಚಿತ್ರದುರ್ಗದ ಕಡೆಯ ಇನ್ನೊಂದು ಮನೆಯವರು ಕಳೆದುಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ. ಕರೆಂಟ್ ಬೇಕೋ ಬೇಡವೋ ಅನ್ನುವುದನ್ನು ಗಾಯ ನೋಡಿ ತೀರ್ಮಾನಿಸಬೇಡಿ. ರಿಪೋರ್ಟ್ ನೋಡಿ ತೀರ್ಮಾನಿಸಿ. ಸುಮ್ನೆ ದಿನ ತಳ್ಳಿದರೆ, ನಿಮಗೆ ಗೊತ್ತಿಲ್ಲದೇ ಒಂದು ತೀರ್ಮಾನ ಆಗಿಹೋಗುತ್ತದೆ.

ಮೊದಲು ಮಾವನ ಪ್ರಶ್ನೆಗೆ ಉತ್ತರ. ಹೊಲದಲ್ಲಿ ಗರಿಕೆ ಕಿತ್ತವರಿಗೆ ಇದು ಬೇಗ ಅರ್ಥ ಆಗುತ್ತದೆ. ಎಷ್ಟೇ ಹಸನು ಮಾಡಿದರೂ ಮಣ್ಣಿನಲ್ಲಿ ಒಂದು ತುಂಡು ಬೇರು ಉಳಿದಿದ್ದರೆ ಮಳೆ ಬಿದ್ದ ವಾರಕ್ಕೆ ಮತ್ತೆ ಚಿಗುರುತ್ತದೆ. ಸರ್ಜನ್ ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದಿರುತ್ತಾರೆ. ಸುತ್ತಲಿನ ಚೂರು ಒಳ್ಳೆ ಮಾಂಸವನ್ನೂ ಸೇರಿಸಿಯೇ ತೆಗೆದಿರುತ್ತಾರೆ. ಆದರೂ ಮುಂದುವರಿದ ಕಾಯಿಲೆಯಲ್ಲಿ, ಅಂದರೆ 3ನೇ, 4ನೇ ಹಂತದಲ್ಲಿ, ಕಣ್ಣಿಗೆ ಕಾಣದ ಜೀವಕೋಶಗಳು ಬಾಯಲ್ಲೋ ಕುತ್ತಿಗೆಯಲ್ಲೋ ಉಳಿದಿರುವ ಸಾಧ್ಯತೆ ಜಾಸ್ತಿ. ಅವನ್ನು ಸಾಯಿಸುವುದಕ್ಕೇ ರೇಡಿಯೇಷನ್. ನಮ್ಮ ಕಡೆ ಎಲ್ಲರೂ ಕರೆಂಟ್ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ. ಆದರೆ ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ಷಾಕ್ ಹೊಡೆಯುವುದಿಲ್ಲ. ಎಕ್ಸ್‌ರೇ ತೆಗೆಸಿದ ಹಾಗೆ ಮಲಗಿರಬೇಕು ಅಷ್ಟೇ. ಕಿರಣ ಕೊಡುವಾಗ ಏನೂ ನೋಯುವುದಿಲ್ಲ.

ಹೆಜ್ಜೆ 1: ಕ್ಯಾಲೆಂಡರ್ ಮೇಲೆ 42ನೇ ದಿನ ಗುರುತು ಹಾಕಿ

ಆಪರೇಷನ್ ಆದ ದಿನದಿಂದ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ಇದು ಎಲ್ಲ ಕಡೆ ಒಪ್ಪಿರುವ ಲೆಕ್ಕ. ಅದಕ್ಕಿಂತ ತಡವಾದಷ್ಟೂ ಉಳಿದ ಜೀವಕೋಶಗಳು ಬೆಳೆಯುವುದಕ್ಕೆ ಸಮಯ ಕೊಟ್ಟ ಹಾಗೆ.

ಆರು ವಾರ ಅಂದರೆ ಬಹಳ ಇದೆ ಅನ್ನಿಸುತ್ತದೆ, ಅಲ್ವಾ? ಕೂಡಿಸಿ ನೋಡಿ. ಬಯಾಪ್ಸಿ ರಿಪೋರ್ಟ್ ಬರುವುದಕ್ಕೆ ಒಂದರಿಂದ ಎರಡು ವಾರ. ಹಲ್ಲು ಕೀಳಿಸಬೇಕಾಗಿ ಬಂದರೆ (ಯಾಕೆ ಅಂತ ಹೆಜ್ಜೆ 5ರಲ್ಲಿ ಹೇಳಿದ್ದೇನೆ) ಆ ಗಾಯ ಮಾಯುವುದಕ್ಕೆ ಇನ್ನು ಹತ್ತು ಹದಿನಾಲ್ಕು ದಿನ. ಕಿರಣ ಕೊಡುವಾಗ ತಲೆ ಅಲ್ಲಾಡದಂತೆ ಹಿಡಿಯುವ ಮಾಸ್ಕನ್ನು ಮುಖದ ಅಳತೆಗೆ ಮಾಡಿ, ಸ್ಕ್ಯಾನ್ ತೆಗೆದು, ಎಲ್ಲಿಗೆ ಎಷ್ಟು ಕಿರಣ ಅಂತ ಲೆಕ್ಕ ಹಾಕುವುದಕ್ಕೆ ಸುಮಾರು ಒಂದು ವಾರ. ಅಲ್ಲಿಗೆ ಐದು ವಾರ ಆಗೇ ಹೋಯಿತು. ಆಸ್ಪತ್ರೆಯಲ್ಲಿ ಸರದಿ ಇದ್ದರೆ ಅದು ಬೇರೆ.

ನಮ್ಮ ಮನೆಯಲ್ಲಿ ಏನಾಯಿತು ಅಂತ ಹೇಳುತ್ತೇನೆ. ರಿಪೋರ್ಟ್ ಬಂದದ್ದು 13ನೇ ದಿನ. ಅದು ದುಗ್ಗಮ್ಮನ ಜಾತ್ರೆ ಸಮಯ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು. "ಜಾತ್ರೆ ಮುಗೀಲಿ, ಆಮೇಲೆ ನೋಡೋಣ" ಅಂದೆವು. ಡಿಸ್ಚಾರ್ಜ್ ಕಾಗದದ ಹಿಂದಿನ ಪುಟದಲ್ಲಿ ರೇಡಿಯೇಷನ್ ವಿಭಾಗದಲ್ಲಿ ತೋರಿಸಿ ಅಂತ ಒಂದೇ ಸಾಲು ಇಂಗ್ಲಿಷಿನಲ್ಲಿತ್ತು. ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ರೇಡಿಯೇಷನ್ ಡಾಕ್ಟರ್ ಮುಂದೆ ಹೋಗಿ ಕೂತಾಗ 26ನೇ ದಿನ. ಅವರು ಬಾಯಿ ನೋಡಿ ಮೊದಲು ಹಲ್ಲಿನ ಡಾಕ್ಟರ್ ಹತ್ತಿರ ಕಳಿಸಿದರು. 28ನೇ ದಿನ ನಾಲ್ಕು ಹಲ್ಲು ಕಿತ್ತರು. ಅದು ಮಾಯಲು ಹನ್ನೆರಡು ದಿನ, ಮಾಸ್ಕು ಲೆಕ್ಕಾಚಾರಕ್ಕೆ ಏಳು ದಿನ. ಕರೆಂಟ್ ಶುರುವಾದದ್ದು 47ನೇ ದಿನ. ಐದು ದಿನ ತಡ. ಈಗಲೂ ಆ ಐದು ದಿನ ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ.

ಆದ್ದರಿಂದ ಗೋಡೆ ಕ್ಯಾಲೆಂಡರಿನಲ್ಲಿ ಆಪರೇಷನ್ ದಿನಕ್ಕೆ ಒಂದು ಗುರುತು, 42ನೇ ದಿನಕ್ಕೆ ಇನ್ನೊಂದು ಗುರುತು ಹಾಕಿ. ಹೊಲಿಗೆ ಬಿಚ್ಚುವ ದಿನವೇ "ರೇಡಿಯೇಷನ್ ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು?" ಅಂತ ಕೇಳಿ. ಅವರಾಗಿ ಹೇಳಲಿ ಅಂತ ಕಾಯಬೇಡಿ. ಎರಡನೇ ಅಥವಾ ಮೂರನೇ ವಾರದೊಳಗೆ ಆ ಭೇಟಿ ಆಗಿಬಿಡಬೇಕು. ರಿಪೋರ್ಟ್ ಬಂದಿಲ್ಲದಿದ್ದರೂ ಹೋಗಬಹುದು.

ಹೆಜ್ಜೆ 2: ರಿಪೋರ್ಟ್ ಬಿಚ್ಚಿ, ಐದು ಸಾಲು ಹುಡುಕಿ

ಆಪರೇಷನ್‌ಗೆ ಮುಂಚೆ ಚಿಕ್ಕ ಚೂರು ತೆಗೆದು ಮಾಡಿದ ಬಯಾಪ್ಸಿ ಬೇರೆ. ಇದು ಆಪರೇಷನ್‌ನಲ್ಲಿ ತೆಗೆದ ಇಡೀ ಭಾಗವನ್ನು ಪರೀಕ್ಷಿಸಿ ಕೊಡುವ ದೊಡ್ಡ ರಿಪೋರ್ಟ್. ಎರಡು ಮೂರು ಪುಟ ಇರುತ್ತದೆ. ಇಂಗ್ಲಿಷ್ ಬರುವವರು ಮನೆಯಲ್ಲಿ ಇಲ್ಲದಿದ್ದರೆ ಓಣಿಯ ಕಾಲೇಜು ಹುಡುಗರಿಗೆ ಕೊಟ್ಟು ಈ ಐದು ಸಾಲು ಓದಿಸಿ, ಕನ್ನಡದಲ್ಲಿ ಬರೆದುಕೊಳ್ಳಿ.

ಒಂದನೆಯದು ಅಂಚು. ರಿಪೋರ್ಟಿನಲ್ಲಿ ಮಾರ್ಜಿನ್ ಅಂತ ಇರುತ್ತದೆ. ತೆಗೆದ ಮಾಂಸದ ತುದಿಯಿಂದ ಕ್ಯಾನ್ಸರ್ ಎಷ್ಟು ದೂರದಲ್ಲಿತ್ತು ಅನ್ನುವ ಅಳತೆ. 5 ಮಿಲಿಮೀಟರ್ ಅಥವಾ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಚೊಕ್ಕ ಅಂತಾರೆ. ಅದಕ್ಕಿಂತ ಕಡಿಮೆ ಇದ್ದರೆ ಕ್ಲೋಸ್ ಮಾರ್ಜಿನ್. ತುದಿಯಲ್ಲೇ ಕ್ಯಾನ್ಸರ್ ಸಿಕ್ಕಿದ್ದರೆ ಪಾಸಿಟಿವ್. ಇಲ್ಲಿ ಒಂದು ಎಚ್ಚರಿಕೆ: ಪಾಸಿಟಿವ್ ಅಂದರೆ ನಮ್ಮ ಮಾತಿನ ಒಳ್ಳೆಯ ಅರ್ಥ ಅಲ್ಲ. "ಪಾಸಿಟಿವ್ ಬಂದಿದೆಯಂತೆ" ಅಂತ ಸಂತೋಷಪಟ್ಟ ಮನೆಯವರನ್ನು ನಾನು ಆಸ್ಪತ್ರೆ ಕಾರಿಡಾರಿನಲ್ಲಿ ನೋಡಿದ್ದೇನೆ. ಅಂಚು ಪಾಸಿಟಿವ್ ಇದ್ದರೆ, ಇನ್ನೊಮ್ಮೆ ಸ್ವಲ್ಪ ಕೊಯ್ದು ತೆಗೆಯಲು ಆಗುತ್ತಾ ಅಂತ ಮೊದಲು ಸರ್ಜನ್ ಹತ್ತಿರವೇ ಕೇಳಬೇಕು.

ಎರಡನೆಯದು ಗಡ್ಡೆಯ ಹಂತ. ಪಿಟಿ ಅಂತ ಬರೆದು ಪಕ್ಕದಲ್ಲಿ 1ರಿಂದ 4ರವರೆಗೆ ಅಂಕಿ ಇರುತ್ತದೆ. ಗಡ್ಡೆ ಎಷ್ಟು ಅಗಲ ಅನ್ನುವುದರ ಜೊತೆ ಎಷ್ಟು ಆಳಕ್ಕೆ ಇಳಿದಿತ್ತು ಅನ್ನುವುದನ್ನೂ ಈಗ ಲೆಕ್ಕಕ್ಕೆ ತಗೊಳ್ಳುತ್ತಾರೆ. 4 ಸೆಂಟಿಮೀಟರ್ ದಾಟಿದ ಗಡ್ಡೆ, ಅಥವಾ 10 ಮಿಲಿಮೀಟರಿಗಿಂತ ಆಳಕ್ಕೆ ಹೋದ ಗಡ್ಡೆ ಸಾಮಾನ್ಯವಾಗಿ 3 ಅಥವಾ ಅದಕ್ಕೂ ಮೇಲೆ. ದವಡೆ ಮೂಳೆಯೊಳಗೆ ಹೋಗಿದ್ದರೆ, ಕೆನ್ನೆಯ ಹೊರಚರ್ಮಕ್ಕೆ ಬಂದಿದ್ದರೆ 4.

ಮೂರನೆಯದು ಕುತ್ತಿಗೆಯ ಗಂಟುಗಳು, ಅಂದರೆ ಎಲ್ಲರ ಕುತ್ತಿಗೆಯಲ್ಲೂ ಇರುವ ಲಿಂಫ್ ನೋಡ್ ಅನ್ನುವ ಸಣ್ಣ ಗ್ರಂಥಿಗಳು. ಪಿಎನ್ ಅಂತ ಇರುತ್ತದೆ. ಒಟ್ಟು ಎಷ್ಟು ಗಂಟು ತೆಗೆದರು, ಅದರಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಸಿಕ್ಕಿತು, ಯಾವ ಮಟ್ಟದಲ್ಲಿ ಸಿಕ್ಕಿತು. ಕುತ್ತಿಗೆಯನ್ನು 1ರಿಂದ 5 ಅಂತ ಮಟ್ಟಗಳಾಗಿ ಭಾಗ ಮಾಡಿರುತ್ತಾರೆ. ಕೆಳಗಿನ 4, 5ನೇ ಮಟ್ಟದಲ್ಲಿ ಸಿಕ್ಕಿದ್ದರೆ ಕಾಯಿಲೆ ಕೆಳಕ್ಕೆ ಇಳಿದಿದೆ ಅಂತ ಅರ್ಥ. ಒಟ್ಟು ತೆಗೆದ ಗಂಟು 18ಕ್ಕಿಂತ ಕಡಿಮೆ ಇದ್ದರೆ ಯಾಕೆ ಅಂತ ಕೇಳಿ. ಅದು ತಪ್ಪು ಹುಡುಕುವುದಲ್ಲ. ಕುತ್ತಿಗೆ ಪೂರ್ತಿ ಪರೀಕ್ಷೆ ಆಗಿದೆಯಾ ಅಂತ ತಿಳಿದುಕೊಳ್ಳುವುದು.

ನಾಲ್ಕನೆಯದು ಗಂಟಿನ ಸಿಪ್ಪೆ ಒಡೆದಿದೆಯಾ ಅನ್ನುವುದು. ಇಎನ್‌ಇ ಅಥವಾ ಇಸಿಎಸ್ ಅಂತ ಬರೆದಿರುತ್ತಾರೆ. ಗಂಟಿಗೆ ಹೊರಗೊಂದು ತೆಳು ಪದರ ಇರುತ್ತದೆ. ಕ್ಯಾನ್ಸರ್ ಆ ಪದರ ಒಡೆದು ಹೊರಗೆ ಬಂದಿದ್ದರೆ ಇಡೀ ರಿಪೋರ್ಟಿನಲ್ಲಿ ಅದಕ್ಕಿಂತ ತೂಕದ ಮಾತು ಇನ್ನೊಂದಿಲ್ಲ.

ಐದನೆಯದು ನರ ಮತ್ತು ರಕ್ತನಾಳ. ಪಿಎನ್‌ಐ ಅಂದರೆ ನರದ ಗುಂಟ ಹೋಗಿದೆ, ಎಲ್‌ವಿಐ ಅಂದರೆ ಸಣ್ಣ ನಾಳದೊಳಗೆ ಹೋಗಿದೆ.

ಈಗ ತೂಗುವ ಕೆಲಸ. ಅಂಚಿನಲ್ಲಿ ಕ್ಯಾನ್ಸರ್ ಇದ್ದರೆ, ಅಥವಾ ಗಂಟಿನ ಪದರ ಒಡೆದಿದ್ದರೆ, ರೇಡಿಯೇಷನ್ ಜೊತೆಗೆ ಕೀಮೋ ಕೂಡ ಬೇಕು ಅನ್ನುವುದು ದೊಡ್ಡ ಅಧ್ಯಯನಗಳಿಂದ ಬಂದ ಮಾತು. ಯುರೋಪಿನಲ್ಲಿ ಒಂದು, ಅಮೆರಿಕದಲ್ಲಿ ಒಂದು, ಎರಡೂ 2004ರಲ್ಲಿ ಪ್ರಕಟವಾದವು. ಮುಂದಿನ ವರ್ಷ ಎರಡನ್ನೂ ಕೂಡಿಸಿ ನೋಡಿದಾಗ ಕೀಮೋ ಸೇರಿಸಿದ್ದರ ಲಾಭ ಈ ಎರಡು ಗುಂಪಿನವರಲ್ಲೇ ಸ್ಪಷ್ಟವಾಗಿ ಕಂಡಿತು.

ಪಿಟಿ 3 ಅಥವಾ 4, ಒಂದಕ್ಕಿಂತ ಹೆಚ್ಚು ಗಂಟು, ಕೆಳಮಟ್ಟದ ಗಂಟು, ಕ್ಲೋಸ್ ಮಾರ್ಜಿನ್, ನರ ಅಥವಾ ನಾಳದ ಒಳಗೆ ಹೋದದ್ದು, ಇವು ಇದ್ದರೆ ರೇಡಿಯೇಷನ್ ಕಡೆಗೇ ತಕ್ಕಡಿ ವಾಲುತ್ತದೆ. ಒಂದೇ ಒಂದು ಅಂಶ ಇದ್ದಾಗ ಡಾಕ್ಟರುಗಳಲ್ಲೂ ಬೇರೆ ಬೇರೆ ಅಭಿಪ್ರಾಯ ಇರಬಹುದು. ಎರಡು ಮೂರು ಸೇರಿದರೆ ಸಾಮಾನ್ಯವಾಗಿ ಇರುವುದಿಲ್ಲ. ಚಿಕ್ಕ ಗಡ್ಡೆ, ಒಂದೇ ಚಿಕ್ಕ ಗಂಟು, ಪದರ ಒಡೆದಿಲ್ಲ, ಅಂಚು ಚೊಕ್ಕ, ಇಂಥ ರಿಪೋರ್ಟ್ ಇದ್ದವರು ನಿಧಾನವಾಗಿ ಕೂತು ಮಾತಾಡಬಹುದು. ಕೊಡುವುದೂ ಸರಿ, ಕಣ್ಣಿಟ್ಟು ಕಾಯುವುದೂ ಸರಿ ಅನ್ನುವ ಜಾಗ ಅದು.

ಮಾವನದು: ದವಡೆ ಮೂಳೆಯೊಳಗೆ ಹೋಗಿ ಪಿಟಿ 4, ಆಳ 12 ಮಿಲಿಮೀಟರ್, 34 ಗಂಟಿನಲ್ಲಿ 2ರಲ್ಲಿ ಕ್ಯಾನ್ಸರ್, ಪದರ ಒಡೆದಿಲ್ಲ, ಅಂಚು 4 ಮಿಲಿಮೀಟರ್, ನರದ ಗುಂಟ ಹೋಗಿದೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಓದಿ ಹೇಳಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹಂಗಾದ್ರೆ ಕನ್ನಡಿ ಸುಳ್ಳು ಹೇಳ್ತಿತ್ತು" ಅಂದರು.

ಹೆಜ್ಜೆ 3: ಹೇಳಬೇಕಾದ್ದನ್ನು ರೋಗಿಗೇ ಹೇಳಿ

ನಮ್ಮ ಕಡೆ ರಿಪೋರ್ಟ್ ಮನೆಯವರಿಗೆಲ್ಲ ಗೊತ್ತಿರುತ್ತದೆ, ರೋಗಿಗೆ ಒಬ್ಬರಿಗೆ ಗೊತ್ತಿರುವುದಿಲ್ಲ. "ಅವರಿಗೆ ಹೇಳಬೇಡಿ ಸಾರ್, ಎದೆ ಒಡ್ಕೋತಾರೆ" ಅಂತ ಡಾಕ್ಟರಿಗೇ ಕೈ ಮುಗಿಯುತ್ತೇವೆ. ಪ್ರೀತಿಯಿಂದಲೇ ಮಾಡುವುದು. ಆದರೆ ಆರು ವಾರ ಬಾಯಿ ಹುಣ್ಣು ಅನುಭವಿಸುವವರು ಅವರು. ಯಾಕೆ ಅಂತ ಗೊತ್ತಿಲ್ಲದೇ ಇದ್ದರೆ ನಾಲ್ಕನೇ ವಾರದಲ್ಲಿ "ಸಾಕು, ಊರಿಗೆ ಹೋಗೋಣ" ಅನ್ನುತ್ತಾರೆ. ಅರ್ಧಕ್ಕೆ ಬಿಟ್ಟ ರೇಡಿಯೇಷನ್‌ನಿಂದ ಕಷ್ಟ ಪೂರ್ತಿ, ಲಾಭ ಅರ್ಧವೂ ಇಲ್ಲ. ಹೇಳಿ. ನಿಧಾನವಾಗಿ, ಕೈ ಹಿಡಿದು, ಒಂದೇ ಸಲ ಅಲ್ಲದಿದ್ದರೂ ಎರಡು ಮೂರು ಸಲದಲ್ಲಿ ಹೇಳಿ.

"ಈಗ ಬೇಡ, ಮತ್ತೆ ಬಂದರೆ ಆಗ ಕರೆಂಟ್ ಕೊಡಿಸೋಣ" ಅನ್ನುವ ಮಾತೂ ಬರುತ್ತದೆ. ಮಾವನ ಅಣ್ಣ ಇದನ್ನೇ ಹೇಳಿದ್ದರು. ಕೇಳಲು ಸರಿ ಅನ್ನಿಸುತ್ತದೆ. ಆದರೆ ಕೊಯ್ದು ಹೊಲಿದ ಜಾಗದಲ್ಲಿ ಮತ್ತೆ ಬಂದ ಕಾಯಿಲೆ ಮೊದಲಿನದಕ್ಕಿಂತ ಗಟ್ಟಿ. ಮತ್ತೆ ಆಪರೇಷನ್ ಆಗುತ್ತದೆ ಅಂತ ಭರವಸೆ ಇಲ್ಲ. ಉಳಿದದ್ದು ಕಣ್ಣಿಗೆ ಕಾಣದಷ್ಟು ಸಣ್ಣದಿದ್ದಾಗಲೇ ಕಿರಣಕ್ಕೆ ಕೆಲಸ ಸುಲಭ.

ಮಲೆನಾಡಿನ ಕಡೆ ನಾಟಿ ಔಷಧಕ್ಕೆ ಹೋಗೋಣ ಅಂತ ಹೇಳುವವರೂ ಇರುತ್ತಾರೆ. ಹೇಳುವವರ ಮೇಲೆ ಸಿಟ್ಟು ಬೇಡ, ಅವರಿಗೂ ಕಾಳಜಿ ಇದೆ. ಆದರೆ ಅದಕ್ಕೋಸ್ಕರ 42 ದಿನದ ಒಂದು ದಿನವನ್ನೂ ಕೊಡಬೇಡಿ. ಏನಾದರೂ ಕುಡಿಯುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ, ಕೀಮೋ ನಡೆಯುವಾಗ ಮೂತ್ರಪಿಂಡಕ್ಕೆ ಅದು ತೊಂದರೆ ಮಾಡಬಹುದು.

ಹೆಜ್ಜೆ 4: ರೇಡಿಯೇಷನ್ ಡಾಕ್ಟರ್ ಎದುರು ಕೂತಾಗ

ಆಪರೇಷನ್ ಮಾಡಿದ ಸರ್ಜನ್ ಮಾತೊಂದೇ ಸಾಲದು. ರೇಡಿಯೇಷನ್ ಡಾಕ್ಟರ್ ಬೇರೆ, ಕೀಮೋ ಡಾಕ್ಟರ್ ಬೇರೆ. ದೊಡ್ಡ ಆಸ್ಪತ್ರೆಗಳಲ್ಲಿ ಮೂವರೂ ಸೇರಿ ಕೂತು ಒಬ್ಬೊಬ್ಬ ರೋಗಿಯ ಬಗ್ಗೆ ಚರ್ಚೆ ಮಾಡುತ್ತಾರೆ, ಟ್ಯೂಮರ್ ಬೋರ್ಡ್ ಅಂತಾರೆ. "ನಮ್ಮವರ ಕೇಸು ಬೋರ್ಡಿಗೆ ಹೋಗಿದೆಯಾ?" ಅಂತ ಕೇಳುವುದರಲ್ಲಿ ಸಂಕೋಚ ಏನೂ ಬೇಡ.

ನಾನು ಚೀಟಿ ಬರೆದುಕೊಂಡು ಹೋಗಿದ್ದೆ. ಒಟ್ಟು ಎಷ್ಟು ದಿನ? ಸಾಮಾನ್ಯ ಉತ್ತರ 30ರಿಂದ 33 ಸಲ, ಸೋಮವಾರದಿಂದ ಶುಕ್ರವಾರ, ಅಂದರೆ ಆರು ವಾರಕ್ಕೆ ಸ್ವಲ್ಪ ಹೆಚ್ಚು. ಲೆಕ್ಕದಲ್ಲಿ 60ರಿಂದ 66 ಗ್ರೇ (ಗ್ರೇ ಅಂದರೆ ಕಿರಣದ ಅಳತೆ). ಯಾವ ಕಡೆ ಕೊಡುತ್ತೀರಿ, ಕುತ್ತಿಗೆಯ ಒಂದೇ ಬದಿಗಾ ಎರಡೂ ಬದಿಗಾ? ಎಂಜಲು ಗ್ರಂಥಿ ಉಳಿಸಿ ಕೊಡಲು ಆಗುತ್ತಾ? ಐಎಂಆರ್‌ಟಿ ಅನ್ನುವ ವಿಧಾನದಲ್ಲಿ ಅದು ಸಾಧ್ಯ, ಬಾಯಿ ಒಣಗುವುದು ಕಡಿಮೆ ಆಗುತ್ತದೆ. ನಿಮ್ಮಲ್ಲಿ ಆ ಯಂತ್ರ ಇದೆಯಾ, ಸರದಿ ಎಷ್ಟು ದಿನ? ಕೊಡದಿದ್ದರೆ ನಮ್ಮವರ ರಿಪೋರ್ಟಿಗೆ ತಕ್ಕಂತೆ ಏನಾಗಬಹುದು? ಕೊನೆಯದು ಕೇಳಲು ಕಷ್ಟ. ಆದರೆ ಅದನ್ನು ಕೇಳದೆ ತೀರ್ಮಾನ ಮಾಡಲು ಬರುವುದಿಲ್ಲ.

ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಬೇಕು ಅನ್ನಿಸಿದರೆ ತಗೊಳ್ಳಿ. ರಿಪೋರ್ಟಿನ ಕಾಗದ ಸಾಲುವುದಿಲ್ಲ. ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕು ಲ್ಯಾಬಿನಲ್ಲಿ ಇರುತ್ತವೆ, ಕೇಳಿ ಪಡೆದುಕೊಂಡು ಹೋಗಿ. ಅದೂ ಆರು ವಾರದ ಒಳಗೇ ಮುಗಿಯಬೇಕು.

ಕೀಮೋ ಬೇಕು ಅಂದರೆ ಸಾಮಾನ್ಯವಾಗಿ ಸಿಸ್ಪ್ಲಾಟಿನ್ ಅನ್ನುವ ಔಷಧ, ಮೂರು ವಾರಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ. ಅದಕ್ಕೆ ಮೊದಲು ಮೂತ್ರಪಿಂಡದ ರಕ್ತಪರೀಕ್ಷೆ, ಕಿವಿ ಪರೀಕ್ಷೆ ಆಗಬೇಕು, ಯಾಕೆಂದರೆ ಎರಡಕ್ಕೂ ಅದು ಪೆಟ್ಟು ಕೊಡಬಲ್ಲದು. ಶುಗರ್ ಇದ್ದು ಕಿಡ್ನಿ ಸೋತವರಿಗೆ ಅದು ಆಗುವುದಿಲ್ಲ. ಅಂಥವರಿಗೆ ಡೋಸಿಟ್ಯಾಕ್ಸೆಲ್ ಅನ್ನುವ ಔಷಧವನ್ನು ವಾರಕ್ಕೊಮ್ಮೆ ಕೊಡಬಹುದು ಅಂತ ಮುಂಬೈಯ ಟಾಟಾ ಆಸ್ಪತ್ರೆಯವರು ಅಧ್ಯಯನ ಮಾಡಿ ತೋರಿಸಿದ್ದಾರೆ. 70 ದಾಟಿದವರಲ್ಲಿ ಕೀಮೋ ಸೇರಿಸಿದ ಲಾಭ ಕಡಿಮೆ. ಮಾವನಿಗೆ ಕೀಮೋ ಹೇಳಲಿಲ್ಲ, ಬರೀ ಕರೆಂಟ್ ಸಾಕು ಅಂದರು. ಪದರ ಒಡೆದಿಲ್ಲ ಅನ್ನುವ ಆ ಒಂದು ಸಾಲಿನ ಬೆಲೆ ಅದು.

ಹೆಜ್ಜೆ 5: ಹಲ್ಲು ಮೊದಲು

ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಅನ್ನಿಸುತ್ತದೆ. ರೇಡಿಯೇಷನ್ ಬಿದ್ದ ದವಡೆ ಮೂಳೆಗೆ ರಕ್ತ ಓಡಾಟ ಕಡಿಮೆ ಆಗುತ್ತದೆ. ಆಮೇಲೆ ಅಲ್ಲಿ ಹಲ್ಲು ಕಿತ್ತರೆ ಗಾಯ ಮಾಯದೇ ಮೂಳೆಯೇ ಸತ್ತುಹೋಗಬಹುದು. ಆದ್ದರಿಂದ ಅಲ್ಲಾಡುವ, ಹುಳುಕಾದ, ಉಳಿಯುವ ನಂಬಿಕೆ ಇಲ್ಲದ ಹಲ್ಲನ್ನೆಲ್ಲ ಮೊದಲೇ ತೆಗೆಸಬೇಕು. ಶುರುವಾಗುವುದಕ್ಕೆ ಕನಿಷ್ಠ ಹತ್ತು ಹದಿನಾಲ್ಕು ದಿನ ಮುಂಚೆ.

ದಾವಣಗೆರೆಯಲ್ಲೇ ಎರಡು ದಂತ ಕಾಲೇಜುಗಳಿವೆ, ಬಾಪೂಜಿ ದಂತ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಈ ವಿಷಯದಲ್ಲಿ ನಮ್ಮ ಊರು ಅದೃಷ್ಟದ್ದು. ಸಾಧ್ಯವಾದರೆ ಕ್ಯಾನ್ಸರ್ ಆಪರೇಷನ್‌ಗೆ ಮುಂಚೆಯೇ ಹಲ್ಲು ತೋರಿಸಿ, ಆ ಆಪರೇಷನ್ ಹೊತ್ತಿಗೇ ತೆಗೆಯಬಹುದಾ ಅಂತ ಸರ್ಜನ್‌ಗೆ ಕೇಳಿ. ನಾವು ಹಾಗೆ ಮಾಡಿದ್ದರೆ ಹನ್ನೆರಡು ದಿನ ಉಳಿಯುತ್ತಿತ್ತು.

ಬಾಯಿ ಎಷ್ಟು ತೆರೆಯುತ್ತದೆ ಅನ್ನುವುದನ್ನೂ ಈಗಲೇ ನೋಡಿ. ಮೂರು ಬೆರಳು ಒಂದರ ಮೇಲೊಂದು ಹೋಗಬೇಕು. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ಸೀಮೆಯಲ್ಲಿ, ಸುಲಿಯುವ ಮನೆಯಲ್ಲಿ ಕೂತು ಬಾಯಿಗೆ ಹೋಳು ಹಾಕಿಕೊಂಡೇ ಬೆಳೆದವರು ನಾವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು, ತಂಬಾಕು ಸೇರಿಸದಿದ್ದರೂ, ಕ್ಯಾನ್ಸರ್ ತರುವ ವಸ್ತು ಅಂತ ಹೇಳಿದೆ. ಬೆಳೆಯುವ ಮನೆಯವಳಾಗಿ ಇದನ್ನು ಬರೆಯುವುದು ನನಗೆ ಸುಲಭ ಅಲ್ಲ. ಅಡಿಕೆ, ಗುಟ್ಕಾ ತಿಂದ ಬಾಯಿ ಮೊದಲೇ ಬಿಗಿದಿರುತ್ತದೆ, ಕರೆಂಟ್ ಆದಮೇಲೆ ಇನ್ನೂ ಬಿಗಿಯುತ್ತದೆ. ಐಸ್‌ಕ್ಯಾಂಡಿ ಕಡ್ಡಿಗಳನ್ನು ಒಟ್ಟಿಗೆ ಸೇರಿಸಿ ಹಲ್ಲಿನ ನಡುವೆ ಇಟ್ಟು, ಕೆಲವು ದಿನಕ್ಕೊಂದು ಕಡ್ಡಿ ಹೆಚ್ಚಿಸುತ್ತ ಹೋಗುವ ವ್ಯಾಯಾಮ ಇದೆ. ಹೊಲಿಗೆ ಗಟ್ಟಿಯಾದ ಮೇಲೆ ಡಾಕ್ಟರ್ ಒಪ್ಪಿಗೆ ತಗೊಂಡು ಶುರು ಮಾಡಿ. ಕರೆಂಟ್ ನಡೆಯುವಾಗಲೂ ಬಿಡಬೇಡಿ, ಮುಗಿದಮೇಲೂ ಬಿಡಬೇಡಿ.

ಬೀಡಿ, ತಂಬಾಕು, ಗುಟ್ಕಾ, ಅಡಿಕೆ ಅವತ್ತಿಗೇ ನಿಲ್ಲಬೇಕು. ಹೊಗೆ ಸೇದುತ್ತ ತಗೊಂಡ ರೇಡಿಯೇಷನ್‌ನ ಶಕ್ತಿ ಕುಗ್ಗುತ್ತದೆ.

ಹೆಜ್ಜೆ 6: ಎಲ್ಲಿ ಕೊಡಿಸುವುದು, ಎಲ್ಲಿ ಉಳಿಯುವುದು

ಒಂದು ಸಲಕ್ಕೆ ಕಾಲು ಗಂಟೆ ಕೆಲಸ. ಆದರೆ ಅದು 30 ದಿನ. ದಾವಣಗೆರೆಯಿಂದ ಬೆಂಗಳೂರಿಗೆ 260 ಕಿಲೋಮೀಟರ್, ಚಿತ್ರದುರ್ಗದಿಂದ 200. ದಿನಾ ಓಡಾಡಲು ಆಗದು. ಆದ್ದರಿಂದ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ, ದಾವಣಗೆರೆಯವರು ಚಿಗಟೇರಿ ಆಸ್ಪತ್ರೆಯಲ್ಲಿ, ಹತ್ತಿರದಲ್ಲಿ ಎಲ್ಲಿ ಯಂತ್ರ ಇದೆ, ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಎಲ್ಲಿ ಆಗುತ್ತದೆ ಅಂತ ವಿಚಾರಿಸಿ. ದೂರ ಹೋಗುವುದಾದರೆ ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, 1973ರಿಂದ ನಡೆಯುತ್ತಿರುವ ಸರ್ಕಾರಿ ಕ್ಯಾನ್ಸರ್ ಸಂಸ್ಥೆ. ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ, ದಾವಣಗೆರೆ ಹರಿಹರದವರಿಗೆ ಅದು ಬೆಂಗಳೂರಿಗಿಂತ ಹತ್ತಿರ. ನನ್ನ ಅನಿಸಿಕೆ ಕೇಳಿದರೆ, ಹೆಸರು ದೊಡ್ಡದು ಅಂತ ದೂರದ ಆಸ್ಪತ್ರೆಯಲ್ಲಿ ಎರಡು ತಿಂಗಳು ಸರದಿ ಕಾಯುವುದಕ್ಕಿಂತ, ಒಳ್ಳೆಯ ಯಂತ್ರ ಇರುವ, ಹೊತ್ತಿಗೆ ಸರಿಯಾಗಿ ಶುರು ಮಾಡುವ ಹತ್ತಿರದ ಜಾಗ ಮೇಲು.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಆಪರೇಷನ್ ಇದೇ ಯೋಜನೆಯಲ್ಲಿ ಆಗಿದ್ದರೆ ಈ ವರ್ಷದ ಮೊತ್ತದಲ್ಲಿ ಎಷ್ಟು ಉಳಿದಿದೆ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರ ಕೌಂಟರಿನಲ್ಲಿ ಕೇಳಿ. ರೇಷನ್ ಕಾರ್ಡು, ಆಧಾರ್, ಡಿಸ್ಚಾರ್ಜ್ ಕಾಗದ, ಬಯಾಪ್ಸಿ ರಿಪೋರ್ಟ್, ಎಲ್ಲದರದ್ದೂ ನಾಲ್ಕು ನಾಲ್ಕು ಜೆರಾಕ್ಸ್ ಮಾಡಿಸಿ ಒಂದೇ ಕವರಿನಲ್ಲಿಡಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಅದರ ಫಾರಂ ತುಂಬಿಸಿಕೊಳ್ಳಬೇಕು. ಅತ್ತೆ ಮಾತ್ರ ಊರಿಗೂ ಆಸ್ಪತ್ರೆಗೂ ಸರ್ಕಾರಿ ಕೆಂಪು ಬಸ್ಸಿನಲ್ಲೇ ಓಡಾಡಿದರು. ಶಕ್ತಿ ಯೋಜನೆಯಿಂದ ಅವರ ಟಿಕೆಟ್ಟಿನ ಖರ್ಚೇ ಬರಲಿಲ್ಲ.

ಶನಿವಾರ ಭಾನುವಾರ ರಜೆ ಅಂತ ಊರಿಗೆ ಬಂದರೆ ಸೋಮವಾರ ಬೆಳಿಗ್ಗೆ ಯಂತ್ರದ ಮುಂದೆ ಇರಲೇಬೇಕು. ಮದುವೆ, ತಿಥಿ, ಕೊಯ್ಲು ಅಂತ ಒಂದು ದಿನವೂ ತಪ್ಪಿಸಬೇಡಿ. ನಡುವೆ ಬಿಟ್ಟ ದಿನಗಳಲ್ಲಿ ಕ್ಯಾನ್ಸರ್ ಜೀವಕೋಶ ಚೇತರಿಸಿಕೊಳ್ಳುತ್ತದೆ.

ಹೆಜ್ಜೆ 7: ಆರು ವಾರದ ಕಷ್ಟವನ್ನು ಮೊದಲೇ ತಿಳಿದುಕೊಂಡು ಒಪ್ಪಿ

ಮೊದಲ ವಾರ ಏನೂ ಅನ್ನಿಸುವುದಿಲ್ಲ. ಎರಡನೇ ವಾರ ರುಚಿ ಹೋಗುತ್ತದೆ. "ಬೆಣ್ಣೆ ದೋಸೆ ತಿಂದರೂ ಕಾಗದ ತಿಂದಂಗೆ" ಅಂದಿದ್ದರು ಮಾವ. ಮೂರನೇ ವಾರದಿಂದ ಬಾಯೆಲ್ಲ ಹುಣ್ಣು, ಎಂಜಲು ಅಂಟಿನ ಹಾಗೆ, ಕುತ್ತಿಗೆ ಚರ್ಮ ಕಪ್ಪು. ಐದು, ಆರನೇ ವಾರ ತೀರ ಕಷ್ಟ. ಮುಗಿದಮೇಲೂ ಎರಡು ವಾರ ಹಾಗೇ ಇದ್ದು ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ರುಚಿ ಬರಲು ತಿಂಗಳುಗಳೇ ಬೇಕು. ಬಾಯಿ ಒಣಗುವುದು ಕೆಲವರಿಗೆ ಪೂರ್ತಿ ಹೋಗುವುದೇ ಇಲ್ಲ.

ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ಆರೆಂಟು ಸಲ ಬಾಯಿ ಮುಕ್ಕಳಿಸಬೇಕು. ಖಾರ, ಹುಳಿ, ಬಿಸಿ ಬೇಡ. ಅತ್ತೆ ರಾಗಿ ಗಂಜಿಗೆ ಹಾಲು ಹಾಕಿ, ಬೇಳೆ ಕಟ್ಟನ್ನು ಸೋಸಿ, ಮೊಟ್ಟೆಯನ್ನು ಬೇಯಿಸಿ ಅರೆದು, ಮೊಸರನ್ನ ನುಣ್ಣಗೆ ಮಾಡಿ ಎರಡು ಗಂಟೆಗೊಮ್ಮೆ ಕೊಡುತ್ತಿದ್ದರು. ವಾರಕ್ಕೊಮ್ಮೆ ತೂಕ ಬರೆದಿಡಿ. ಬೇಗ ಇಳಿಯುತ್ತಿದ್ದರೆ, ಮೂಗಿನ ಮೂಲಕ ಹೊಟ್ಟೆಗೆ ಆಹಾರ ಕೊಡುವ ಪೈಪಿಗೆ ಹೆದರಬೇಡಿ. ಪೈಪ್ ಹಾಕಿದರೆ ಕೊನೆಗಾಲ ಬಂತು ಅಂತ ನಮ್ಮ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ, ಅದು ಆರು ವಾರ ದಾಟಿಸುವ ಸಾಧನ. ನೋವಿಗೆ ಔಷಧ ಕೇಳಿ ತಗೊಳ್ಳಿ, ಹಲ್ಲು ಕಚ್ಚಿಕೊಂಡು ಇರಬೇಕಾಗಿಲ್ಲ.

ಇನ್ನೊಂದು. ಹೊರಗಿನಿಂದ ಕೊಡುವ ಈ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮೊಮ್ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಳ್ಳಬಹುದು. ಮಾವ ಎರಡು ವಾರ ಮಗುವನ್ನು ದೂರ ಇಟ್ಟಿದ್ದರು, ಯಾರೋ ಹೇಳಿದ್ದರಂತೆ.

ಬೇಡ ಅನ್ನುವವರಿಗೆ

ಎಲ್ಲ ತಿಳಿದುಕೊಂಡು ಬೇಡ ಅನ್ನುವ ಹಕ್ಕು ರೋಗಿಗೆ ಇದೆ. ತೀರ ವಯಸ್ಸಾಗಿ ಹಾಸಿಗೆ ಹಿಡಿದವರು, ಬೇರೆ ದೊಡ್ಡ ಕಾಯಿಲೆ ಇದ್ದವರು, ಆರು ವಾರ ತಡೆಯಲಾರೆ ಅಂತ ಮನಸಾರೆ ಹೇಳುವವರು ಇರುತ್ತಾರೆ. ಅವರನ್ನು ಬಲವಂತವಾಗಿ ಎಳೆದುಕೊಂಡು ಹೋಗಬಾರದು. ಆದರೆ ಬೇಡ ಅನ್ನುವುದನ್ನು ಡಾಕ್ಟರಿಗೆ ಎದುರಿಗೇ ಹೇಳಿ, ಕಡಿಮೆ ದಿನದ ದಾರಿ ಇದೆಯಾ ಕೇಳಿ, ತಪ್ಪದೇ ತೋರಿಸಿಕೊಳ್ಳುವ ದಿನಗಳನ್ನು ಬರೆಸಿಕೊಳ್ಳಿ. ಹೇಳದೇ ಕೇಳದೇ ಆಸ್ಪತ್ರೆ ಬಿಟ್ಟುಬಿಡುವುದು ಬೇರೆ, ಅದನ್ನು ಮಾಡಬೇಡಿ.

ಗಾಯ ಮಾಯ್ದಿಲ್ಲ, ಹೊಲಿಗೆ ಬಿಟ್ಟು ನೀರು ಸೋರುತ್ತಿದೆ ಅಂತ ತಡವಾಗುವವರೂ ಇದ್ದಾರೆ. ಅದು ನಿಮ್ಮ ತಪ್ಪಲ್ಲ. ಮನೆಯಲ್ಲೇ ಕಾಯದೆ ವಾರಕ್ಕೊಮ್ಮೆ ಸರ್ಜನ್‌ಗೆ ತೋರಿಸುತ್ತಿರಿ. ಎಷ್ಟು ಮಾಯ್ದರೆ ಶುರು ಮಾಡಬಹುದು ಅಂತ ಇಬ್ಬರು ಡಾಕ್ಟರುಗಳೂ ಮಾತಾಡಿಕೊಳ್ಳಲಿ. ಆರು ವಾರ ದಾಟಿತು ಅಂತ ಕೈಬಿಡುವುದೂ ಬೇಡ. ತಡವಾಗಿ ಆದರೂ ತಗೊಳ್ಳುವುದರಲ್ಲಿ ಅರ್ಥ ಇದೆಯಾ ಅಂತ ಕೇಳಿ. ಮಾವನದೂ ದಾಟಿತ್ತು.

ಮುಗಿದ ಮೇಲೆ

ಮೊದಲ ಎರಡು ವರ್ಷವೇ ಮುಖ್ಯ, ಮತ್ತೆ ಬರುವುದಾದರೆ ಹೆಚ್ಚಾಗಿ ಆಗಲೇ ಬರುತ್ತದೆ. ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಆಮೇಲೆ ಅಂತರ ಹೆಚ್ಚುತ್ತದೆ. ಹೊಸ ಹುಣ್ಣು, ಹೊಸ ಗಂಟು, ಕಿವಿಗೆ ಹರಿಯುವ ನೋವು ಬಂದರೆ ಹೇಳಿದ ದಿನಕ್ಕೆ ಕಾಯಬೇಡಿ. ಯಾವತ್ತೇ ಹಲ್ಲು ಕೀಳಿಸಬೇಕಾಗಿ ಬಂದರೂ ಕರೆಂಟ್ ಕೊಟ್ಟಿದೆ ಅಂತ ಮೊದಲು ಹೇಳಿ.

ಕುತ್ತಿಗೆಗೆ ಕಿರಣ ಬಿದ್ದವರಿಗೆ ಥೈರಾಯ್ಡ್ ಸೋಲಬಹುದು. ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಬೇಕು. ಮಾವನಿಗೆ ಎರಡನೇ ವರ್ಷ ಅದು ಏರಿತು, ಈಗ ಬೆಳಿಗ್ಗೆ ಒಂದು ಮಾತ್ರೆ ನುಂಗುತ್ತಾರೆ. ಮುಂದಿನ ಪರೀಕ್ಷೆ ಬರುವ ತಿಂಗಳು. ಆ ದಿನಕ್ಕೆ ಕ್ಯಾಲೆಂಡರಿನಲ್ಲಿ ಮಾವನೇ ಪೆನ್ನಿನಿಂದ ಸುತ್ತು ಹಾಕಿದ್ದಾರೆ.